ಅವಳು ಕೂತಾಗಲೆಲ್ಲ ನಿಲ್ಲುತ್ತಿದ್ದ ಎಸಿ

ನಮ್ಮ ಅಂಗಡಿಯಲ್ಲಿ ಗ್ಯಾಸು ಗಂಡನ ಪಾಲು, ಕರೆಂಟು ನನ್ನ ಪಾಲು. ಕಾರಿನ ಎಸಿ ತಂಪು ಕೊಡುತ್ತಿಲ್ಲ ಎಂದು ಯಾರಾದರೂ ಬಂದರೆ ಮೊದಲು ಅವರು ಗೇಜು ಸಿಕ್ಕಿಸಿ ಗ್ಯಾಸಿನ ಒತ್ತಡ ನೋಡುತ್ತಾರೆ. ಅದು ಸರಿಯಿದ್ದರೆ ಬಾನೆಟ್ಟಿನ ಆ ಬದಿಯಿಂದಲೇ "ನಿಂದೈತಿ ನೋಡು" ಎನ್ನುತ್ತಾರೆ. ಆಗ ನಾನು ಮೀಟರು ಹಿಡಿದು ಏಳುತ್ತೇನೆ.

ಮದುವೆಯಾಗಿ ಆಂಧ್ರದ ಗಡಿಯ ಆದವಾನಿಗೆ ಬಂದಾಗ ಅವರ ಬಳಿ ಇದ್ದದ್ದು ಒಂದು ಗ್ಯಾಸ್ ಸಿಲಿಂಡರು, ಒಂದು ಗೇಜು, ತಗಡಿನ ಶೆಡ್ಡು. ಶೆಡ್ಡಿನ ಹಿಂದೆಯೇ ಮನೆ. ನಾನು ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೆ. ಅಲ್ಲಿ ಕಾರು ಯಾರೂ ಕಲಿಸಿರಲಿಲ್ಲ. "ಇದ್ಯಾಕೋ ತಿಳೀವಲ್ದು" ಎಂದು ಅವರು ಕೈಬಿಟ್ಟ ಗಾಡಿಗಳ ಒಳಗೆ ತಲೆ ಹಾಕಿ ಹಾಕಿ ಕಲಿತೆ. ನಮಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಹತ್ತಿ ಮಾರ್ಕೆಟ್ಟಿನವರು. ಹಂಗಾಮಿನಲ್ಲಿ ಹತ್ತಿಯ ನವಿರು ಕಾರಿನ ಮುಂದಿನ ಜಾಲರಿಗೆ ಕಂಬಳಿಯ ಹಾಗೆ ಕವಿದುಕೊಳ್ಳುತ್ತದೆ. ಅದನ್ನು ಬ್ರಷ್ಷಿನಿಂದ ತೆಗೆದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಉಳಿದ ಅರ್ಧದಲ್ಲಿ ಇಲಿ ಕಡಿದ ವೈರು, ಸುಟ್ಟ ಫ್ಯೂಸು, ತುಕ್ಕು ಹಿಡಿದ ಕನೆಕ್ಷನ್ನು. ಹೇಳಿಕೊಳ್ಳುವಂಥದ್ದು ಅಪರೂಪ. ಆ ಕೋರ್ಟ್ ಗುಮಾಸ್ತರ ಕಾರು ಮಾತ್ರ ನನ್ನ ನೆನಪಿನಲ್ಲಿ ಉಳಿದುಕೊಂಡಿದೆ.

ಅವರು ಮೊದಲ ಸಲ ಬಂದದ್ದು ಬಿಸಿಲು ಇನ್ನೂ ಬಲಿಯುತ್ತಿದ್ದ ಮಾರ್ಚಿನಲ್ಲಿ. ಹಣೆಗೆ ನಾಮ, ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಕಾರು ಹಳೆಯದು, ಯಾರೋ ಬಳಸಿ ಬಿಟ್ಟದ್ದನ್ನು ಕೊಂಡದ್ದು. ಆದರೆ ಒಳಗೆ ಒಂದು ಕಾಗದದ ಚೂರೂ ಇರಲಿಲ್ಲ. ಅಷ್ಟು ಚೊಕ್ಕಟವಾದ ಕಾರು ನಮ್ಮ ಶೆಡ್ಡಿಗೆ ಬರುವುದೇ ಕಡಿಮೆ.

"ಒಮ್ಮೆ ಇರ್ತದಮ್ಮ, ಒಮ್ಮೆ ಇರಂಗಿಲ್ಲ" ಎಂದರು. "ಗಾಳಿ ಬರ್ತದ. ತಂಪು ಬರಂಗಿಲ್ಲ. ಎಸಿ ದೀಪ ನೋಡಿದ್ರ ಹತ್ತೇ ಇರ್ತದ."

ನನ್ನ ಗಂಡ ಗೇಜು ಹಾಕಿದರು. ಗ್ಯಾಸು ಬರಾಬರಿ ಇತ್ತು. ನಾನು ಕಂಪ್ರೆಸರಿಗೆ ಕರೆಂಟು ಬರುತ್ತಿದೆಯೇ ನೋಡಿದೆ, ಬರುತ್ತಿತ್ತು. ಇಂಜಿನ್ನು ಓಡಿಸುತ್ತಲೇ ಇಟ್ಟು ಚಹಾ ಕುಡಿದೆವು. ಎಸಿ ಒಂದು ಸಲವೂ ನಿಲ್ಲಲಿಲ್ಲ. ಕೆಟ್ಟಾಗ ಮಾತ್ರ ಸಿಕ್ಕುವ ದೋಷವನ್ನು ಕೆಡದಿದ್ದಾಗ ಹುಡುಕುವುದು ಹೇಗೆ? ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಕರೆಂಟು ಹಾಯಿಸುವ ರಿಲೇ ಬದಲಿಸಿದೆ, ಕನೆಕ್ಷನ್ನುಗಳನ್ನು ತೊಳೆದು ಬಿಗಿ ಮಾಡಿದೆ. ಅವರು ನಮಸ್ಕಾರ ಮಾಡಿ ಹೋದರು.

ಒಂದು ವಾರ ಕಳೆದು ಮತ್ತೆ ಬಂದರು. ಅದೇ ಚೊಕ್ಕಟ ಕಾರು, ಅದೇ ಮಾತು. ಮತ್ತೆ ಶೆಡ್ಡಿನಲ್ಲಿ ಎಸಿ ಕೊರೆಯುತ್ತಿತ್ತು.

"ಯಾವಾಗ ನಿಲ್ಲತೈತಿ ಸರ, ಸ್ವಲ್ಪ ಬಿಡಿಸಿ ಹೇಳ್ರಿ" ಎಂದೆ. "ಹಳ್ಳಕೊಳ್ಳದಾಗ ಹೋದಾಗೋ? ಲೈಟ್ ಹಾಕಿದಾಗೋ? ಇಂಜಿನ್ ಕಾದ ಮ್ಯಾಲೋ?"

"ನಗಬ್ಯಾಡ್ರಿ ಮತ್ತ" ಎಂದರು. "ನನ್ನ ಮಗಳು ಕೂತಾಗ ನಿಲ್ತದ."

ನಾನು ನಗಲಿಲ್ಲ. ನನ್ನ ಗಂಡ ನಕ್ಕರು, ಆಮೇಲೆ ಅವರ ಮುಖ ನೋಡಿ ಸುಮ್ಮನಾದರು.

ಅವರು ಹೇಳಿದ್ದು ಇಷ್ಟು. ಮಗಳು ಡಿಗ್ರಿ ಕಡೆಯ ವರ್ಷದಲ್ಲಿದ್ದಾಳೆ. ಹುಟ್ಟಿದಾಗಿನಿಂದ ಅವಳ ಮೈ ಬೆವರುವುದಿಲ್ಲ. ಬೆವರು ಹುಟ್ಟಿಸಬೇಕಾದ ಗ್ರಂಥಿಗಳೇ ಸರಿಯಾಗಿ ಬೆಳೆದಿಲ್ಲ, ಕೂದಲು ಹಲ್ಲುಗಳೂ ಅಷ್ಟೇ ಎಂದು ಕರ್ನೂಲಿನ ಡಾಕ್ಟರು ಹೇಳಿದ್ದಾರೆ, ಅದಕ್ಕೆ ಔಷಧಿಯಿಲ್ಲ. ನಮ್ಮಂಥವರು ಬೆವರಿ ತಣಿಯುತ್ತೇವೆ, ಅವಳ ಮೈಯೊಳಗಿನ ಕಾವು ಒಳಗೇ ಉಳಿಯುತ್ತದೆ. ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಜ್ವರ ಬಂದ ಹಾಗೆ ಕಾಯುತ್ತಾಳೆ, ಆಮೇಲೆ ಕಣ್ಣು ಕತ್ತಲೆ. ಚಿಕ್ಕವಳಿದ್ದಾಗ ಎರಡು ಮೂರು ಸಲ ಕೈತಪ್ಪಿಯೇ ಹೋಗುತ್ತಿದ್ದಳಂತೆ. ಬೇಸಿಗೆ ಬಂದರೆ ಮನೆಯ ನಡುಕೋಣೆಯೇ ಅವಳ ಊರು. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ, ಕೂಲರು ಹಚ್ಚಿ ಕೂರುತ್ತಾಳೆ. ಪರೀಕ್ಷೆಗೆ, ಡಾಕ್ಟರ ಹತ್ತಿರ ಹೋಗಲಿಕ್ಕೆ ಇರಲಿ ಎಂದು ಅವರು ಈ ಕಾರು ಕೊಂಡದ್ದು. ಗಾಡಿಯ ಬಣ್ಣ, ಓಟ ಯಾವುದನ್ನೂ ನೋಡದೆ ಎಸಿ ಒಂದನ್ನೇ ನೋಡಿ ಕೊಂಡಿದ್ದರು.

"ನಾ ಒಬ್ಬನs ಹೋದಾಗ ಛಲೋ ಇರ್ತದ. ಆಕಿ ಕೂತ್ರ ಊರು ದಾಟೋದ್ರಾಗ ನಿಲ್ತದ. ನಮ್ಮ ತಾಯಿ ಅಂತಾರ, ಆಕಿ ನಕ್ಷತ್ರಾನs ಹಂಗ, ತಂಪು ಆಕಿ ಹಣ್ಯಾಗ ಬರದಿಲ್ಲ ಅಂತ. ನಾ ಅದನ್ನ ನಂಬಂಗಿಲ್ಲ." ಆಮೇಲೆ ತಾವೇ, "ಆದ್ರ ನಿಲ್ತದ" ಎಂದರು.

ವೈರಿಗೆ ಮನುಷ್ಯರ ಗುರುತು ಇರುವುದಿಲ್ಲ ಎಂದು ನಾನು ಹೇಳಿದೆ. ಹೇಳುವುದು ಸುಲಭವಾಗಿತ್ತು. ಮನುಷ್ಯರು ಕೂತಾಗ ಬದಲಾಗುವುದು ಭಾರ. ಸೀಟಿನ ಕೆಳಗೆ ಯಾವುದಾದರೂ ವೈರು ಒತ್ತಿಕೊಳ್ಳುತ್ತಿರಬಹುದು ಎಂದು ಮುಂದಿನ ಎಡಗಡೆಯ ಸೀಟು ಬಿಚ್ಚಿ, ಕಾಲ ಕೆಳಗಿನ ಹಾಸು ಎತ್ತಿ ನೋಡಿದೆ. ಎಲ್ಲ ನೆಟ್ಟಗಿತ್ತು. ಆದರೂ ಸಮಾಧಾನವಾಗದೆ ನನ್ನ ಗಂಡ ಪಕ್ಕದ ಮಿಲ್ಲಿನಿಂದ ಹತ್ತಿಕಾಳಿನ ಹಿಂಡಿಯ ಒಂದು ಚೀಲ ತಂದು ಆ ಸೀಟಿನಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ಮಧ್ಯಾಹ್ನದ ಬಿಸಿಲಲ್ಲಿ ಮಾರ್ಕೆಟ್ ಯಾರ್ಡಿನ ಸುತ್ತ ಓಡಿಸಿಕೊಂಡು ಬಂದರು.

"ಏನಾತು?" ಎಂದೆ.

"ಹಿಂಡಿ ಚೀಲಕ್ಕ ನೆಗಡಿ ಆಗ್ಯದ" ಎಂದರು.

ಎಸಿ ನಿಂತಿರಲಿಲ್ಲ. ಬ್ಯಾಟರಿಯ ಕೆಳಗೆ ಕಾರಿನ ಮೈಗೆ ಸೇರುವ ಅರ್ಥ್ ವೈರಿನಲ್ಲಿ ಹಸಿರು ತುಕ್ಕು ಸಿಕ್ಕಿತು. ಬೇರೆ ಏನೂ ಸಿಗದಿದ್ದಾಗ ಸಿಕ್ಕಿದ್ದೇ ಕಳ್ಳ ಎನಿಸುತ್ತದೆ. ತುಕ್ಕು ಉಜ್ಜಿ, ಹೊಸ ವೈರು ಹಾಕಿ, ಇನ್ನು ತೊಂದರೆಯಾಗದು ಎಂದು ಕಳಿಸಿದೆ.

ತೊಂದರೆಯಾಯಿತು. ಏಪ್ರಿಲಿನಲ್ಲಿ ಅವರು ಪತ್ತಿಕೊಂಡದಲ್ಲಿದ್ದ ತಮ್ಮ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಮಗಳನ್ನು ಕರೆದುಕೊಂಡು ಬೆಳಗಿನ ಜಾವಕ್ಕೇ ಹೋಗಿದ್ದರು. ಬಿಸಿಲೇರುವ ಮೊದಲೇ ಹೊರಟುಬಿಡಬೇಕು ಎಂಬ ಲೆಕ್ಕ. ಆದರೆ ಅಂಥ ಮನೆಗಳಲ್ಲಿ ಊಟ ಯಾವಾಗ ಹೊತ್ತಿಗೆ ಸರಿಯಾಗಿ ಆಗಿದೆ? ಹೊರಟಾಗ ನೆತ್ತಿಯ ಮೇಲೆ ಸೂರ್ಯ. ಊರು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಗಾಳಿ ಬಿಸಿಯಾಯಿತು. ಹಿಂದಕ್ಕೆ ಹೋಗುವುದೋ ಮುಂದಕ್ಕೆ ಹೋಗುವುದೋ ತಿಳಿಯದೆ ಮುಂದಕ್ಕೇ ಹೋದರು. ಮಗಳು ಮೊದಲು ಮಾತು ನಿಲ್ಲಿಸಿದಳು. ಆಮೇಲೆ ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಕೊಡಲು ಶುರುಮಾಡಿದಳು. ಅದು ಏನೆಂದು ಅವರಿಗೆ ಗೊತ್ತಿತ್ತು.

ರಸ್ತೆಯ ಬದಿಯಲ್ಲಿ ಟೊಮೆಟೊ ಹೊಲ, ಹೊಲದಲ್ಲಿ ಬೋರ್‌ವೆಲ್ಲಿನ ಮೋಟರು ಓಡುತ್ತಿತ್ತು. ಗಂಡಹೆಂಡತಿ ಇಬ್ಬರು ಬುಟ್ಟಿ ತುಂಬುತ್ತಿದ್ದರು. ಇವರು ಕಾರು ನಿಲ್ಲಿಸಿ ಕೂಗಿದಾಗ ಆ ಹೆಣ್ಣುಮಗಳು ಏನಾಯಿತೆಂದು ಕೂಡ ಕೇಳಲಿಲ್ಲವಂತೆ. "ತೊಟ್ಟ್ಯಾಗ ಕುಂದ್ರಸ್ರಿ, ತೊಟ್ಟ್ಯಾಗ" ಎಂದು ಓಡಿ ಬಂದು, ಹುಡುಗಿಯ ಇನ್ನೊಂದು ಹೆಗಲಿಗೆ ತಾನೇ ಕೈ ಕೊಟ್ಟಳು. ರೇಷ್ಮೆ ಸೀರೆ ಉಟ್ಟ ಮಗಳನ್ನು ಕುತ್ತಿಗೆಯವರೆಗೆ ನೀರಿನ ತೊಟ್ಟಿಯಲ್ಲಿ ಕೂರಿಸಿ, ತಲೆಯ ಮೇಲೆ ಬೋರಿನ ನೀರು ಬೀಳುವ ಹಾಗೆ ಪೈಪು ತಿರುಗಿಸಿದರು. ಬಿಸಿಲು ಇಳಿಯುವ ತನಕ ಮೂರು ಮಂದಿಯೂ ಅವಳ ಸುತ್ತ ಕೂತಿದ್ದರು. ಹೊರಡುವಾಗ ಆ ಹೆಂಗಸು ಮಡಿಲು ತುಂಬ ಟೊಮೆಟೊ ಹಾಕಿ ಕಳಿಸಿದಳಂತೆ.

ಮರುದಿನ ಅಂಗಡಿಗೆ ಬಂದು ಇದನ್ನೆಲ್ಲ ಹೇಳುವಾಗ ಗುಮಾಸ್ತರ ದನಿ ಏರಲೇ ಇಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ಕಾರು ಮಾರಿಬಿಡ್ತೀನಮ್ಮ" ಎಂದರು. "ನಿಮಗ ಯಾರರೆ ಗಿರಾಕಿ ಗೊತ್ತಿದ್ರ ಹೇಳ್ರಿ. ಎಸಿದು ಸುದ್ದಿ ಮುಚ್ಚಿಡಬ್ಯಾಡ್ರಿ ಮಾತ್ರ."

ಅವರು ಹೋದ ಮೇಲೆ ನನ್ನ ಗಂಡ, "ಬಿಡು, ಎಲ್ಲಾ ಗಾಡಿ ನಮ್ಮ ಕೈಲೇ ರಿಪೇರಿ ಆಗಬೇಕಂತೇನಿಲ್ಲ" ಎಂದರು. ನನಗೂ ಹಾಗೆಯೇ ಅನಿಸಿತ್ತು. ಬೇರೆ ಗಾಡಿಗಳು ಕಾಯುತ್ತಿದ್ದವು.

ಎರಡು ದಿನ ಬಿಟ್ಟು, ಬೆಳಿಗ್ಗೆ ಶೆಡ್ಡಿನ ಮುಂದೆ ನೀರು ಚಿಮುಕಿಸುತ್ತಿದ್ದೆ. ಒಬ್ಬ ಹುಡುಗಿ ನಡೆದುಕೊಂಡು ಬಂದಳು. ತಲೆಗೂದಲು ತೀರ ತೆಳು, ಹಲ್ಲುಗಳ ನಡುವೆ ಸಂದು, ಚುರುಕು ಕಣ್ಣು. ಯಾರೆಂದು ಹೇಳಬೇಕಾಗಿರಲಿಲ್ಲ.

"ಅಕ್ಕಾ, ನಮ್ಮಪ್ಪ ಕಾರು ಮಾರ್ತಾರಂತ" ಎಂದಳು. "ಮಾರಿದ್ರ ಮಳಿ ಬರೋತನಕ ನಾ ನಡುಮನ್ಯಾಗs. ಮುಂದಿನ ತಿಂಗಳು ನಂದು ಪರೀಕ್ಷಾ ಅದ."

"ನಾವು ನೋಡೋದೆಲ್ಲಾ ನೋಡೀವಿ ತಂಗಿ."

"ನೋಡೀರಿ. ನನ್ನ ಬಿಟ್ಟು ನೋಡೀರಿ. ಹಿಂಡಿ ಚೀಲ ಕುಂದ್ರಿಸಿದ್ರಂತಲ್ಲ, ಅಪ್ಪ ಹೇಳಿದ್ರು. ಚೀಲದ ಬದಲಿ ನನ್ನs ಕುಂದ್ರಿಸಿ ನೋಡ್ರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಇಷ್ಟು ಸರಳವಾದದ್ದು ನಿಮಗೆ ಹೊಳೆಯಲಿಲ್ಲವೇ ಎಂಬಂತಿತ್ತು. ನನಗೆ ಹೊಳೆಯದೇ ಇರಲಿಲ್ಲ. ಆದರೆ ಅದರ ಅರ್ಥ, ಬಿಸಿಲಿನ ಹೊತ್ತಿನಲ್ಲಿ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು, ಎಸಿ ಯಾವಾಗ ನಿಲ್ಲುತ್ತದೋ ಎಂದು ಕಾಯುತ್ತ ಓಡಾಡುವುದು. ಬೆವರದ ಮೈಯನ್ನು ಬೇಕೆಂದೇ ಬಿಸಿಗೆ ಒಡ್ಡುವುದು. ಅದನ್ನು ಅವಳ ಅಪ್ಪನಿಗೆ ಹೇಗೆ ಕೇಳುವುದು?

ಅವಳೇ ಕೇಳಿದಳು. ಆ ಭಾನುವಾರ ಅಪ್ಪ ಮಗಳು ಇಬ್ಬರೂ ಬೆಳಿಗ್ಗೆಯೇ ಕಾರು ತಂದರು. ಗುಮಾಸ್ತರು ಶೆಡ್ಡಿನ ಬೆಂಚಿನ ಮೇಲೆ ಕೂತು, "ಬ್ಯಾಡಮ್ಮ, ಮೊನ್ನಿ ತೊಟ್ಟ್ಯಾಗ ಆಕಿನ್ನ ನೋಡೀನಿ ನಾನು" ಎಂದರು.

"ಇದು ಊರಾಗs ಅಪ್ಪ. ಐಸ್ ಇಟ್ಕೊಂಡs ಹೋಗೋದು" ಎಂದಳು ಮಗಳು. "ನಿಮಗ ಹೆದರಿಕಿ ಆದ್ರ ನೀವು ಬರಬ್ಯಾಡ್ರಿ."

ನನ್ನ ಗಂಡ ಒಂದು ದಾರಿ ಹೇಳಿದರು. ನಾನು ಕಾರು ಓಡಿಸುವುದು. ಅವರು ಥರ್ಮೊಕೋಲಿನ ಡಬ್ಬಿಯಲ್ಲಿ ಐಸು ತುಂಬಿಕೊಂಡು ಬೈಕಿನಲ್ಲಿ ಹಿಂದೆಯೇ ಬರುವುದು. ಶೆಡ್ಡಿನಿಂದ ದೂರ ಹೋಗದೆ ಊರೊಳಗೇ ಸುತ್ತುವುದು. ಐಸು ತಂದ ಮುದುಕನಿಗೂ ಈ ಸಂಗತಿ ತಿಳಿದು, "ಪಾಪಕು ಇಂಕಾ ಐಸು ಕಾವಾಲಾ?" ಎಂದು ತೆಲುಗಿನಲ್ಲಿ, ಮಗುವಿಗೆ ಇನ್ನೂ ಐಸು ಬೇಕೇ ಎಂದು ಕೇಳಿ, ಹೇಳದೆಯೇ ಇನ್ನೊಂದು ಗಡ್ಡೆ ಒಡೆದು ಹಾಕಿದ. ಗುಮಾಸ್ತರು ಬೇಡವೆಂದು ಮತ್ತೆ ಹೇಳಲಿಲ್ಲ, ಶೆಡ್ಡಿನ ಬೆಂಚಿನ ಮೇಲೆಯೇ ಉಳಿದರು.

ನಾನು ಕಂಪ್ರೆಸರಿಗೆ ಹೋಗುವ ವೈರಿನಿಂದ ಒಂದು ಸಣ್ಣ ಬಲ್ಬಿಗೆ ಕನೆಕ್ಷನ್ ಎಳೆದು, ಬಲ್ಬನ್ನು ಕಾರಿನೊಳಗೆ ಕನ್ನಡಿಗೆ ನೇತುಹಾಕಿದೆ. ಕಂಪ್ರೆಸರಿಗೆ ಕರೆಂಟು ಹೋಗುವವರೆಗೆ ಬಲ್ಬು ಉರಿಯಬೇಕು. ಎಸಿ ನಿಂತ ಕ್ಷಣದಲ್ಲಿ ಬಲ್ಬೂ ಆರಿದರೆ ದೋಷ ವೈರಿಂಗಿನ ಕಡೆ. ಬಲ್ಬು ಉರಿಯುತ್ತಲೇ ಇದ್ದು ತಂಪು ನಿಂತರೆ ದೋಷ ಕಂಪ್ರೆಸರಿನದು.

ಮಧ್ಯಾಹ್ನ ಹೊರಟೆವು. ಹುಡುಗಿ ಮುಂದಿನ ಸೀಟಿನಲ್ಲಿ ಕೂತು ತನ್ನ ಸಾಮಾನು ಜೋಡಿಸಿಕೊಂಡಳು. ದೊಡ್ಡ ನೀರಿನ ಬಾಟಲಿ, ಮುಖಕ್ಕೆ ನೀರು ಸಿಂಪಡಿಸುವ ಇನ್ನೊಂದು ಬಾಟಲಿ, ಒದ್ದೆ ಟವಲುಗಳನ್ನು ಮಡಿಸಿಟ್ಟ ಸ್ಟೀಲಿನ ಡಬ್ಬಿ. ಎಲ್ಲವನ್ನೂ ತನ್ನ ಮುಂದಿದ್ದ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ತುರುಕಿ, ಮುಚ್ಚಳ ಕೂರದಿದ್ದಾಗ ಮೊಣಕಾಲಿನಿಂದ ಒತ್ತಿ ಹಾಕಿದಳು. ನಾನು ನೋಡಿದೆ. ನನ್ನ ಗಮನವೆಲ್ಲ ಬಲ್ಬಿನ ಮೇಲಿತ್ತು.

ಅವಳ ಗಮನ ಹೊರಗಿತ್ತು. ಸ್ವಲ್ಪ ದೂರ ಹೋದ ಮೇಲೆ, "ಅಕ್ಕಾ, ಈಟು ಖಾಲಿ ಇರ್ತದೇನು ಊರು?" ಎಂದಳು. ಆಗ ನನಗೆ ತಿಳಿಯಿತು, ಅವಳು ಹುಟ್ಟಿ ಬೆಳೆದ ಊರಿನ ಬೇಸಿಗೆಯ ಮಧ್ಯಾಹ್ನವನ್ನು ಸಾವಕಾಶವಾಗಿ ನೋಡಿದವಳೇ ಅಲ್ಲ. ಈ ಹೊತ್ತಿನಲ್ಲಿ ಹೊರಗೆ ಬಂದಾಗಲೆಲ್ಲ ಅವಸರ, ಗಾಬರಿ, ಮುಖದ ಮೇಲೆ ಒದ್ದೆ ಬಟ್ಟೆ. ಮುಚ್ಚಿದ ಅಂಗಡಿಗಳು, ಲಾರಿಯ ಕೆಳಗೆ ಟವಲು ಹಾಸಿ ಮಲಗಿದ ಹಮಾಲರು, ಅವರ ಕಾಲ ಬಳಿ ನಾಯಿ, ಸ್ಟೇಷನ್ನಿನ ಮುಂದೆ ಸವಾರಿಯಿಲ್ಲದೆ ನಿಂತ ಆಟೋಗಳ ಸಾಲು. ನಮಗೆ ಇದರಲ್ಲಿ ನೋಡುವಂಥದ್ದೇನೂ ಇಲ್ಲ. ಅವಳು ಒಂದೊಂದನ್ನೂ ಹಿಂದೆ ಸರಿಯುವ ತನಕ ತಿರುಗಿ ನೋಡುತ್ತಿದ್ದಳು.

"ಎಲ್ಲಾರ ನೆರಳೂ ಕಾಲ ಕೆಳಗs ಅದ ನೋಡ್ರಿ. ಮುದ್ದಿ ಆಗಿ ಬಿದ್ದದ" ಎಂದಳು.

ಮಾರ್ಕೆಟ್ ಯಾರ್ಡಿನ ಹಿಂದೆ ರಸ್ತೆ ಕಿತ್ತುಹೋಗಿದೆ. ಅಲ್ಲಿ ಕಾರು ಎರಡು ಗುಂಡಿ ಹಾರಿದ ಕೂಡಲೇ ಬಲ್ಬು ಆರಿತು. ಒಂದು ನಿಮಿಷದೊಳಗೆ ಗಾಳಿ ಬೆಚ್ಚಗಾಯಿತು. ಡ್ಯಾಶ್‌ಬೋರ್ಡಿನ ಎಸಿ ದೀಪ ಮಾತ್ರ ಹಸಿರಾಗಿ ಉರಿಯುತ್ತಲೇ ಇತ್ತು.

ಬೇವಿನ ಮರದ ನೆರಳಿಗೆ ಕಾರು ತಂದು ನಿಲ್ಲಿಸಿದೆ. ಇಂಜಿನ್ನು ಓಡುತ್ತಲೇ ಇತ್ತು. ಬಾನೆಟ್ಟು ಎತ್ತಿ ಮೀಟರು ಹಿಡಿದೆ. ರಿಲೇ ಸರಿ, ಫ್ಯೂಸು ಸರಿ, ಗ್ಯಾಸಿನ ಒತ್ತಡ ನೋಡುವ ಸ್ವಿಚ್ಚು ಸರಿ. ಕಂಪ್ರೆಸರಿಗೆ ಕರೆಂಟು ಕೊಡು ಎಂಬ ಅಪ್ಪಣೆಯೇ ಒಳಗಿನಿಂದ ಬರುತ್ತಿರಲಿಲ್ಲ. ಅಂದರೆ ಕಾರು ತಾನಾಗಿಯೇ, ಏನೋ ಕಾರಣ ಕಂಡು, ಎಸಿ ನಿಲ್ಲಿಸಿತ್ತು. ಯಾವ ಕಾರಣ?

ನನ್ನ ಗಂಡ ಬೈಕಿನಿಂದ ಇಳಿದು ಕಿಟಕಿಯೊಳಗೆ ನೋಡಿದರು. ಹುಡುಗಿಯ ಮುಖ ಆಗಲೇ ಕೆಂಪೇರಿತ್ತು. "ಏ, ಸಾಕು" ಎಂದರು ನನಗೆ. "ಐಸ್ ಹಚ್ಚಿ ಮನಿಗೆ ಕರ್ಕೊಂಡು ಹೋಗೂಣು."

"ಒಂದು ನಿಮಿಷ ರೀ."

"ನಿನ್ನ ಒಂದು ನಿಮಿಷ ನನಗ ಗೊತ್ತೈತಿ."

ಅವರು ಹೇಳಿದ್ದು ಸರಿ. ನಾನು ಮೀಟರು ಮಡಿಸಿ ಸೀಟಿಗೆ ಬಂದು ಕೂತೆ. ಹುಡುಗಿ ಒದ್ದೆ ಟವಲು ತೆಗೆದುಕೊಳ್ಳಲು ಖಾನೆಯ ಮುಚ್ಚಳ ಎಳೆದಳು. ಮುಂದಿನಿಂದ ಟಕ್ ಎಂದು ಕಂಪ್ರೆಸರು ಹಿಡಿದ ಸದ್ದು ಕೇಳಿಸಿತು. ಬಲ್ಬು ಹತ್ತಿತು.

ಅವಳು ಟವಲನ್ನು ಕುತ್ತಿಗೆಗೆ ಸುತ್ತಿಕೊಂಡು ಬಲ್ಬನ್ನು ನೋಡಿದಳು. ನಾನು ಅವಳ ಕೈ ನೋಡಿದೆ.

"ಆ ಡಬ್ಬಿ ಮೊದಲಿನಂಗs ಇಟ್ಟು ಮುಚ್ಚು ತಂಗಿ. ಮೊಣಕಾಲಿಲೆ ಒತ್ತಿದ್ದಿಯಲ್ಲ, ಹಂಗs."

ಒತ್ತಿದಳು. ಬಲ್ಬು ಆರಿತು.

"ತೆಗಿ."

ಹತ್ತಿತು.

"ಮುಚ್ಚು."

ಆರಿತು. ಹುಡುಗಿ ನಗತೊಡಗಿದಳು. ಹೇಳದೆಯೇ ಇನ್ನೊಂದು ಸಲ ತೆಗೆದು ಮುಚ್ಚಿದಳು, ಮತ್ತೊಂದು ಸಲ. ಕಿಟಕಿಯ ಹೊರಗೆ ಐಸಿನ ಡಬ್ಬಿ ಹಿಡಿದು ನಿಂತಿದ್ದ ನನ್ನ ಗಂಡ ಏನೂ ತಿಳಿಯದೆ, "ಏನಾತು? ಯಾಕ ನಗ್ತೀರಿ?" ಎಂದು ಕೇಳುತ್ತಲೇ ಇದ್ದರು. ಖಾನೆಯ ಮುಚ್ಚಳವನ್ನು ಅವಳ ಮೊಣಕಾಲ ಮೇಲೆ ಇಳಿಬಿಟ್ಟುಕೊಂಡೇ ಶೆಡ್ಡಿಗೆ ಬಂದೆವು. ದಾರಿಯುದ್ದಕ್ಕೂ ಎಸಿ ತಣ್ಣಗೆ ಓಡಿತು.

ಸಂಜೆಯೊಳಗೆ ಖಾನೆಯನ್ನೇ ಬಿಚ್ಚಿ ಹೊರಗೆ ತೆಗೆದೆ. ಅದರ ಹಿಂದೆ ಕೂಲಿಂಗ್ ಕಾಯಿಲ್ ಇರುತ್ತದೆ, ಕಾಯಿಲ್ ಎಷ್ಟು ತಣ್ಣಗಿದೆ ಎಂದು ನೋಡಲು ಒಂದು ಸಣ್ಣ ಸೆನ್ಸರು. ಅದರಿಂದ ಬರುವ ಎರಡು ತೆಳು ವೈರು ಡ್ಯಾಶ್‌ಬೋರ್ಡಿನ ಒಳಗೋಡೆಗೆ ಒತ್ತಿದ ಕ್ಲಿಪ್ಪಿನಲ್ಲಿ ಇರಬೇಕು. ಹಿಂದೆ ಯಾವಾಗಲೋ ಯಾರೋ ಕಾಯಿಲ್ ಬಿಚ್ಚಿದವರು ಮತ್ತೆ ಕ್ಲಿಪ್ಪಿಗೆ ಸಿಕ್ಕಿಸದೆ ಬಿಟ್ಟಿದ್ದರು. ವೈರು ಜೋತುಬಿದ್ದು ಖಾನೆಯ ಬೆನ್ನಿಗೆ ಬಂದಿತ್ತು. ಖಾನೆ ಖಾಲಿಯಿದ್ದಾಗ ಏನೂ ಇಲ್ಲ. ತುಂಬಿ ಒತ್ತಿದಾಗ ಸ್ಟೀಲ್ ಡಬ್ಬಿಯ ಅಂಚು ಹಿಂದಿನ ಪ್ಲಾಸ್ಟಿಕ್ಕನ್ನು ಉಬ್ಬಿಸಿ ವೈರನ್ನು ಅಮುಕುತ್ತಿತ್ತು. ಒಳಗಿನ ತಾಮ್ರದ ಎಳೆ ತುಂಡಾಗಿತ್ತು. ಬಿಟ್ಟರೆ ತುದಿಗಳು ಕೂಡುತ್ತಿದ್ದವು, ಒತ್ತಿ, ಗುಂಡಿಯಲ್ಲಿ ಕುಲುಕಿದರೆ ದೂರವಾಗುತ್ತಿದ್ದವು; ಒಮ್ಮೆ ಸರಿದ ಮೇಲೆ ಬರೀ ಒತ್ತಿದರೂ ಸಾಕಿತ್ತು. ಆ ಸೆನ್ಸರಿನ ಸುದ್ದಿ ಕಡಿದುಹೋದರೆ ಕಾರು ಒಂದೇ ಅರ್ಥ ಮಾಡಿಕೊಳ್ಳುತ್ತದೆ: ಕಾಯಿಲ್ ಮೇಲೆ ಹಿಮ ಕಟ್ಟಿದೆ, ಇನ್ನು ತಂಪು ಸಾಕು. ಆದವಾನಿಯ ಏಪ್ರಿಲಿನ ನಡುಮಧ್ಯಾಹ್ನ ಆ ಕಾರು ಚಳಿಗೆ ಹೆದರಿ ಎಸಿ ನಿಲ್ಲಿಸುತ್ತಿತ್ತು.

ಗುಮಾಸ್ತರಿಗೆ ತುಂಡಾದ ವೈರು ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನಾ ಒಬ್ಬನs ಹೋಗೋ ಮುಂದ ಆ ಸಾಮಾನು ಒಯ್ಯಂಗಿಲ್ಲ. ಇಲ್ಲಿಗೆ ಬರೋ ಮುಂದಂತೂ ಎಲ್ಲಾ ತೆಗೆದು ಮನ್ಯಾಗ ಇಟ್ಟು ಬರ್ತಿದ್ದೆ" ಎಂದರು. "ಆಕಿ ಮುಖಕ್ಕ ಒತ್ತಿಕೊಳ್ಳೋ ಟವಲು. ಎಣ್ಣಿ ಗ್ರೀಸು ಹತ್ತೀತು ಅಂತ."

"ಹಿಂಡಿ ಚೀಲಾನೂ ಟವಲು ತಂದಿರಲಿಲ್ಲ ಬಿಡ್ರಿ" ಎಂದರು ನನ್ನ ಗಂಡ.

ಅವರು ನಗಲಿಲ್ಲ. "ಅಂದ್ರ ಆಕಿದೇನೂ ಇಲ್ಲ?" ಎಂದು ನನ್ನನ್ನು ಕೇಳಿದರು.

"ಆಕಿದೇನೂ ಇಲ್ಲ ಸರ. ಡಬ್ಬಿದು."

ವೈರು ಬೆಸೆದು, ಮೇಲೆ ಕೊಳವೆ ಏರಿಸಿ, ಕ್ಲಿಪ್ಪಿಗೆ ಸಿಕ್ಕಿಸಿ, ಖಾನೆ ತುಂಬ ಸಾಮಾನು ತುರುಕಿ ಅದೇ ಗುಂಡಿಗಳ ಮೇಲೆ ಓಡಿಸಿ ನೋಡಿದೆ. ಬಲ್ಬು ಆರಲಿಲ್ಲ. ಕಾರಿನ ಕೀಲಿ ತೆಗೆದುಕೊಳ್ಳುವಾಗ ಅವರು, "ಒಂದು ಕೆಲಸ ಮಾಡ್ತೀರೇನಮ್ಮ? ಮನಿಗೆ ಬಂದು ನಮ್ಮ ತಾಯಿಗೆ ಇದನ್ನs ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ" ಎಂದರು.

ಮರುವಾರ ಹೋದೆ. ಕೋಟೆಯ ಕಡೆಯ ಓಣಿಯಲ್ಲಿ ತಗ್ಗು ಬಾಗಿಲಿನ ಮನೆ. ನಡುಕೋಣೆಯಲ್ಲಿ ಒದ್ದೆ ಗೋಣಿಯ ವಾಸನೆ. ಅಜ್ಜಿ ಹಾಸಿಗೆಯ ಮೇಲೆ ನೆಟ್ಟಗೆ ಕೂತು, ನಾನು ಕಿಸೆಯಲ್ಲಿಟ್ಟು ತಂದಿದ್ದ ತುಂಡು ವೈರನ್ನು ಅಂಗೈಯಲ್ಲಿ ಹಿಡಿದು ಕೇಳಿಸಿಕೊಂಡರು. ಸೆನ್ಸರು, ಕಾಯಿಲ್ ಎಲ್ಲ ಬಿಟ್ಟು, ಡಬ್ಬಿ ಒತ್ತಿದಾಗ ವೈರು ಕಡಿದದ್ದನ್ನು ಮಾತ್ರ ಹೇಳಿದೆ.

ಕೇಳಿ ಮುಗಿದ ಮೇಲೆ, "ಡಬ್ಬಿ ಇಟ್ಟಾಕಿ ಇಕಿನs ಅಲ್ಲೇನು?" ಎಂದರು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಮೊಮ್ಮಗಳು. ಗುಮಾಸ್ತರು ಗೋಡೆ ನೋಡಿದರು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ. ನಕ್ಷತ್ರದ ಮಾತನ್ನು ವೈರಿನಿಂದ ಗೆಲ್ಲುವ ಆಸೆ ನನಗೇನೂ ಇರಲಿಲ್ಲ.

ಆಮೇಲೆ ಹುಡುಗಿ ಬಾಗಿಲ ತನಕ ಬಂದು ಹೇಳಿದಳು. ಅವಳು ಹುಟ್ಟಿದ ಮೇಲೆ ಅಜ್ಜಿಯೂ ಬೇಸಿಗೆಯ ಮಧ್ಯಾಹ್ನ ಹೊರಗೆ ಹೋದವರಲ್ಲ. ಅಪ್ಪ ಕೋರ್ಟಿಗೆ, ಅಮ್ಮ ಶಾಲೆಯ ಕೆಲಸಕ್ಕೆ. ಮೊಮ್ಮಗಳ ಗೋಣಿಗೆ ನೀರು ಹಾಕುತ್ತ ಕೂತದ್ದು ಅಜ್ಜಿ. ಮದುವೆ, ಮುಂಜಿ, ತವರಿನ ಹಬ್ಬ, ಎಷ್ಟೋ ಬಿಟ್ಟಿದ್ದಾರೆ. ಬಿಟ್ಟೆ ಎಂದು ಯಾರ ಮುಂದೂ ಹೇಳಿಲ್ಲ. ನಕ್ಷತ್ರದ ಮೇಲೆ ಮಾತ್ರ ಸಿಟ್ಟು ಮಾಡಿಕೊಂಡಿದ್ದಾರೆ.

ನಾವು ಮಾತಾಡುತ್ತಿದ್ದಾಗಲೇ ಒಳಗಿನಿಂದ ಅಜ್ಜಿ ಕೋಲೂರಿಕೊಂಡು ಬಂದರು. ಸೆರಗು ಹೊದ್ದಿದ್ದರು, ಕಾಲಲ್ಲಿ ಚಪ್ಪಲಿ. ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ.

"ಗಾಡಿ ತಗಿಯಪ್ಪ" ಎಂದರು ಮಗನಿಗೆ. "ಖರೆನs ತಂಪು ಬರ್ತದೋ ಇಲ್ಲೋ ನಾನೂ ನೋಡ್ತೀನಿ."

ನನ್ನನ್ನೂ ಬಿಡಲಿಲ್ಲ. ಅಜ್ಜಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ, ಹುಡುಗಿ ಮುಂದೆ. ಉರುಕುಂದದ ಕಡೆಯ ರಸ್ತೆ ಹಿಡಿದೆವು. ಊರು ಮುಗಿದು ಕಪ್ಪು ಹೊಲ ಶುರುವಾದ ಕೂಡಲೇ ಅಜ್ಜಿ ಮಾತು ನಿಲ್ಲಿಸಿ ಕಿಟಕಿಗೆ ಹಣೆ ಹಚ್ಚಿದರು. ಎಮ್ಮೆಗಳು ಕೆರೆಯ ಉಳಿದ ನೀರಿನಲ್ಲಿ ಮುಳುಗಿದ್ದವು. ಒಂದು ಬಸ್ಸು ಧೂಳೆಬ್ಬಿಸಿ ಎದುರಿಗೆ ಹೋಯಿತು.

ಆಮೇಲೆ ಅಜ್ಜಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, "ಸಾಕು, ಚಳಿ ಹತ್ತೇದ. ಸ್ವಲ್ಪ ಕಡಿಮಿ ಮಾಡss" ಎಂದರು.

ಮೊಮ್ಮಗಳು ಗಾಳಿಯ ಗುಂಡಿಗೆ ಕೈ ಹಾಕಿದಳು. ಕಡಿಮೆ ಮಾಡಲಿಲ್ಲ. ಈ ಸಲ ಬೇಕಾಗದೆ ಒಣಗಿಹೋಗಿದ್ದ ತನ್ನ ಟವಲು ತೆಗೆದು, ಹಿಂದಕ್ಕೆ ಅಜ್ಜಿಯ ಮಡಿಲಿಗೆ ಹಾಕಿದಳು. "ಹೊಚ್ಕೋರಿ" ಎಂದಳು.